ಮೊದಲ ವರ್ಷ ಏನನ್ನೂ ಕಟ್ಟಬೇಡಿ: ಇಸಾನ್ ಹಳ್ಳಿಯಲ್ಲಿ ಸಂಸಾರ ಹೂಡುವವರಿಗೆ

(ಥಾಯ್ ಸಂಗಾತಿಯ ಊರಿಗೆ ಹೋಗಿ ನೆಲೆಸಲು ಹೊರಟ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಥಾಯ್ಲೆಂಡ್ ಅಂದರೆ ನಮ್ಮವರಿಗೆ ಬ್ಯಾಂಕಾಕ್, ಪಟ್ಟಾಯ, ಫುಕೆಟ್. ಇವತ್ತಿನ ಮಾತು ಅವುಗಳ ಬಗ್ಗೆ ಅಲ್ಲ. ದೇಶದ ಈಶಾನ್ಯಕ್ಕೆ, ಲಾವೋಸ್ ಮತ್ತು ಕಾಂಬೋಡಿಯಾ ಗಡಿಗೆ ಒತ್ತಿಕೊಂಡು 20 ಪ್ರಾಂತಗಳ ಒಂದು ಸೀಮೆ ಇದೆ, ಇಸಾನ್ ಅಂತ. ಖೋನ್ ಕೇನ್, ಉದೊನ್ ಥಾನಿ, ಉಬೊನ್ ರಾಚಥಾನಿ, ನಖೊನ್ ರಾಚಸೀಮಾ ಅಲ್ಲಿಯ ದೊಡ್ಡ ಪಟ್ಟಣಗಳು. ಉಳಿದದ್ದೆಲ್ಲ ಗದ್ದೆ, ಕೆರೆ, ಹಳ್ಳಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬ್ಯಾಂಕಾಕ್ ಸೇರುವವರಲ್ಲಿ ಇಸಾನಿನವರು ಬಹಳ. ಹಾಗಾಗಿ ಥಾಯ್ ಹುಡುಗಿಯನ್ನೋ ಹುಡುಗನನ್ನೋ ಮೆಚ್ಚಿ ಮದುವೆಯಾದ ಪರದೇಶಿಗಳು ಕೊನೆಗೆ ಬಂದು ಸೇರುವುದೂ ಹೆಚ್ಚಾಗಿ ಇಲ್ಲಿಗೇ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಆ ಹಳ್ಳಿಯಲ್ಲಿ ನಿಮ್ಮ ವೀಸಾ, ವಿಳಾಸ, ಜಮೀನು, ಮನೆ ಎಲ್ಲವೂ ಸಂಗಾತಿಯ ಹೆಸರನ್ನು ನೆಚ್ಚಿಕೊಂಡಿರುತ್ತವೆ. ಕಾನೂನು ಇರುವುದೇ ಹಾಗೆ. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊದಲು ಕಾಗದಪತ್ರ, ಆಮೇಲೆ ಒಂದು ಪೂರ್ತಿ ವರ್ಷದ ವಾಸ, ಅದಾದ ಮೇಲೆ ಇಟ್ಟಿಗೆ, ಸಿಮೆಂಟು. ಅಲ್ಲಿಗೆ ಹೋಗಿ ಸೇರಿದ ವರ್ಷವೇ ಮನೆ ಕಟ್ಟಿಸಿ, ಎರಡನೇ ವರ್ಷ ಕಾಗದ ಹುಡುಕಲು ಹೊರಡುವವರೇ ಜಾಸ್ತಿ.

ಮದುವೆಯಿಂದ ಶುರು ಮಾಡೋಣ. ಭಿಕ್ಕುಗಳು ಬಂದು, ಹಿರಿಯರು ಕೈಗೆ ಬಿಳಿ ದಾರ ಕಟ್ಟಿ, ಊರಿಗೆಲ್ಲ ಊಟ ಹಾಕಿಸಿದರೆ ಊರಿನ ಕಣ್ಣಲ್ಲಿ ಮದುವೆ ಆಯಿತು. ಸರ್ಕಾರದ ಕಣ್ಣಲ್ಲಿ ಆಗಲಿಲ್ಲ. ಅದಕ್ಕೆ ಅಂಫೋ ಕಚೇರಿಯಲ್ಲಿ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥಲ್ಲಿ, ನೋಂದಣಿ ಆಗಬೇಕು. ಭಾರತೀಯರು ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಯಿಂದ ವೈವಾಹಿಕ ಸ್ಥಿತಿಯ ಪ್ರಮಾಣಪತ್ರ ತರಬೇಕು, ಅದನ್ನು ಥಾಯ್ ಭಾಷೆಗೆ ಅನುವಾದ ಮಾಡಿಸಬೇಕು, ಥಾಯ್ ವಿದೇಶಾಂಗ ಇಲಾಖೆಯಲ್ಲಿ ದೃಢೀಕರಿಸಿಕೊಂಡು ಅಂಫೋಗೆ ಹೋಗಬೇಕು. ಅಲ್ಲಿ ಸಿಗುವುದು ಎರಡು: ಖೋ ರೋ 2 ಅನ್ನುವ ನೋಂದಣಿ ದಾಖಲೆ, ಖೋ ರೋ 3 ಅನ್ನುವ ಪ್ರಮಾಣಪತ್ರ. ಭಾರತದಲ್ಲೇ ಮದುವೆ ನೋಂದಾಯಿಸಿದವರಿಗೆ ಅದರ ಆಧಾರದ ಮೇಲೆ ಖೋ ರೋ 22 ಕೊಡುತ್ತಾರೆ. 2025ರ ಜನವರಿ 23ರಿಂದ ಒಂದೇ ಲಿಂಗದವರ ಮದುವೆಗೂ ಅಲ್ಲಿ ಕಾನೂನಿನ ಮಾನ್ಯತೆ ಇದೆ.

ಕನ್ನಡಿಗರು ಇಲ್ಲೇ ಎಡವುತ್ತಾರೆ, ಹೆಸರಿನ ವಿಷಯದಲ್ಲಿ. ನಮಗೆ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನ ಒಂದು ಕಲಂ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಕೂತಿರುತ್ತದೆ. ಥಾಯ್ ಅರ್ಜಿಗಳಿಗೆಲ್ಲ ಹೆಸರು, ಮನೆತನದ ಹೆಸರು ಎರಡೂ ಬೇಕು. ಅದರ ಮೇಲೆ, ಒಬ್ಬ ಅನುವಾದಕ ನಿಮ್ಮ ಹೆಸರನ್ನು ಥಾಯ್ ಲಿಪಿಯಲ್ಲಿ ಒಂದು ಥರ ಬರೆದರೆ ಇನ್ನೊಬ್ಬ ಇನ್ನೊಂದು ಥರ ಬರೆಯುತ್ತಾನೆ. ಮದುವೆ ಪತ್ರದಲ್ಲಿ ಒಂದು, ಮನೆಪುಸ್ತಕದಲ್ಲಿ (ಮನೆಯಲ್ಲಿ ಯಾರು ವಾಸವಿದ್ದಾರೆ ಅನ್ನುವ ಸರ್ಕಾರಿ ದಾಖಲೆ) ಇನ್ನೊಂದು ಆದರೆ ಮುಂದೆ ಭೂ ಕಚೇರಿಯಲ್ಲಿ ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡುತ್ತ ಕೂರಬೇಕು. ಹೊರಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರು ಸರಿಮಾಡಿಸಿಕೊಳ್ಳಿ. ಮೊದಲ ಅನುವಾದದಲ್ಲಿ ಬಂದ ಥಾಯ್ ಕಾಗುಣಿತವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಪ್ರತಿ ಅನುವಾದಕನಿಗೂ ಅದನ್ನೇ ಕೊಡಿ.

ವೀಸಾ ವಿಚಾರ ಬಿಡಿಸಿ ಹೇಳಿದರೆ ಅಷ್ಟೇನೂ ತೊಡಕಿನದಲ್ಲ. ನಾನ್-ಇಮಿಗ್ರೆಂಟ್ ಓ ವೀಸಾದ ಮೇಲೆ 90 ದಿನ ಸಿಗುತ್ತದೆ. ಮದುವೆಯ ಆಧಾರದ ಮೇಲೆ ಅದನ್ನು ವರ್ಷ ವರ್ಷ ವಿಸ್ತರಿಸಿಕೊಳ್ಳಬೇಕು. ಶುಲ್ಕ 1,900 ಬಾತ್. ವಿದೇಶಿ ಗಂಡನಾದರೆ ಅವನೊಬ್ಬನ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿ 4,00,000 ಬಾತ್ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಕದಲದೆ ಇರಬೇಕು, ಇಲ್ಲವೇ ತಿಂಗಳಿಗೆ 40,000 ಬಾತ್ ವರಮಾನ ತೋರಿಸಬೇಕು. ಥಾಯ್ ಗಂಡನ ವಿದೇಶಿ ಹೆಂಡತಿಗೆ ಈ ಠೇವಣಿಯ ಷರತ್ತು ಇಲ್ಲ. ಅರ್ಜಿಯ ಜೊತೆ ಹೊಸದಾಗಿ ತೆಗೆಸಿದ ಖೋ ರೋ 2, ಸಂಗಾತಿಯ ಗುರುತಿನ ಚೀಟಿ, ಮನೆಪುಸ್ತಕ, ಮನೆಯ ಒಳಗೂ ಹೊರಗೂ ಇಬ್ಬರೂ ಕಾಣುವ ಫೋಟೊಗಳು, ಮನೆಗೆ ದಾರಿ ತೋರಿಸುವ ಕೈನಕ್ಷೆ, ಒಬ್ಬ ಸಾಕ್ಷಿ. ಮೊದಲು 30 ದಿನದ ಪರಿಶೀಲನೆಯ ಮುದ್ರೆ ಬೀಳುತ್ತದೆ. ಆ ನಡುವೆ ಅಧಿಕಾರಿ ಮನೆಗೆ ಬಂದು ನೋಡಿಕೊಂಡು ಹೋಗುವುದೂ ಉಂಟು. ಬಂದರೆ ಗಾಬರಿ ಬೇಡ, ನೀರು ಕೊಟ್ಟು ಕೂರಿಸಿ.

ಕೈಕೊಡುವುದು ಮೂರು ಸಣ್ಣ ವಿಷಯಗಳು. ಹೊಸ ವಿಳಾಸಕ್ಕೆ ಬಂದ 24 ಗಂಟೆಯೊಳಗೆ ಮನೆಯ ಯಜಮಾನ, ಹೆಚ್ಚಾಗಿ ನಿಮ್ಮ ಅತ್ತೆಯೋ ಮಾವನೋ, ನೀವು ಅಲ್ಲಿ ಇದ್ದೀರಿ ಅಂತ ಇಮಿಗ್ರೇಷನ್ ಕಚೇರಿಗೆ ಟಿಎಂ 30 ಅನ್ನುವ ವರದಿ ಕೊಡಬೇಕು. ಅದಿಲ್ಲದೆ ಮುಂದಿನ ಯಾವ ಅರ್ಜಿಯೂ ಸಾಗುವುದಿಲ್ಲ. ಎರಡನೆಯದು, ದೇಶದಲ್ಲಿ ಇರುವಷ್ಟೂ ಕಾಲ ಪ್ರತಿ 90 ದಿನಕ್ಕೆ ಟಿಎಂ 47, ಅಂದರೆ ನೀವೇ ಕೊಡುವ ವಿಳಾಸದ ವರದಿ. ಗಡುವಿಗೆ 15 ದಿನ ಮುಂಚಿನಿಂದ 7 ದಿನ ಆಮೇಲಿನವರೆಗೆ ಕೊಡಬಹುದು, ತಪ್ಪಿದರೆ 2,000 ಬಾತ್ ದಂಡ. ಮೂರನೆಯದು ಎಲ್ಲಕ್ಕಿಂತ ದುಬಾರಿ: ಊರಲ್ಲಿ ಯಾರಿಗೋ ಸೀರಿಯಸ್ ಅಂತ ಫೋನ್ ಬಂದು ರಾತ್ರೋರಾತ್ರಿ ಬೆಂಗಳೂರಿನ ವಿಮಾನ ಹತ್ತಿದಿರಿ ಅನ್ನಿ, ಮರುಪ್ರವೇಶದ ಅನುಮತಿ ಇಲ್ಲದೆ ಗಡಿ ದಾಟಿದ ಕ್ಷಣಕ್ಕೆ ವರ್ಷದ ವಿಸ್ತರಣೆ ರದ್ದು. ಮತ್ತೆ ಒಂದರಿಂದ ಶುರು. ಆ ಅನುಮತಿಗೆ ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲಕ್ಕಾದರೂ ಆಗುವಂಥದ್ದಕ್ಕೆ 3,800. ವಯಸ್ಸಾದ ತಂದೆತಾಯಿ ಕರ್ನಾಟಕದಲ್ಲಿ ಇರುವವರು ವಿಸ್ತರಣೆ ಸಿಕ್ಕ ದಿನವೇ ಎರಡನೆಯದನ್ನು ಮಾಡಿಸಿಬಿಡಿ, ಲೆಕ್ಕ ಹಾಕುತ್ತ ಕೂರಬೇಡಿ.

ಇನ್ನು ಮಣ್ಣಿನ ವಿಚಾರ.

ವಿದೇಶಿಯರು ಥಾಯ್ಲೆಂಡಿನಲ್ಲಿ ಜಮೀನು ಕೊಳ್ಳುವಂತಿಲ್ಲ. ಇದನ್ನು ಕೇಳಿ ಮೂಗು ಮುರಿಯುವವರು ನಮ್ಮ ಕಡೆಯದನ್ನೂ ನೆನೆಯಬೇಕು: ನಿಮ್ಮ ಥಾಯ್ ಹೆಂಡತಿ ಹಾಸನದಲ್ಲಿ ಒಂದು ಗುಂಟೆ ಗದ್ದೆ ಕೊಳ್ಳಲಾರಳು, ಅನಿವಾಸಿಯಾದ ಮೇಲೆ ನೀವೂ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೆ. ಮದುವೆಯಾದ ಮೇಲೆ ಥಾಯ್ ಸಂಗಾತಿ ಜಮೀನು ಕೊಂಡರೆ ಭೂ ಕಚೇರಿಯಲ್ಲಿ ಇಬ್ಬರೂ ಒಂದು ಹೇಳಿಕೆಗೆ ಸಹಿ ಹಾಕಬೇಕು, ಈ ಹಣ ಪೂರ್ತಿ ಥಾಯ್ ಸಂಗಾತಿಯ ಸ್ವಂತದ್ದು ಅಂತ. ಹಣ ನಿಮ್ಮದೇ ಆಗಿದ್ದರೂ ಆ ಸಹಿಯೊಂದಿಗೆ ಜಮೀನಿನ ಮೇಲಿನ ನಿಮ್ಮ ಹಕ್ಕು ಮುಗಿಯಿತು. ಇದನ್ನು ತಪ್ಪಿಸಲು ಹೆಸರಿಗೆ ಮಾತ್ರ ಥಾಯ್ ಪಾಲುದಾರರಿರುವ ಕಂಪನಿ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದು ಅಪರಾಧ, ಆ ಕಡೆ ತಲೆಹಾಕಬೇಡಿ.

ನಿಮಗೆ ಸಿಗುವ ನಿಜವಾದ ರಕ್ಷಣೆ ಅನುಭೋಗದ ಹಕ್ಕು, ಥಾಯ್‌ನಲ್ಲಿ ಸಿತ್ತಿ ಕೆಪ್ ಕಿನ್. ಜಮೀನು ಸಂಗಾತಿಯದೇ, ಆದರೆ ನೀವು ಬದುಕಿರುವವರೆಗೆ ಅಥವಾ 30 ವರ್ಷದವರೆಗೆ ಅಲ್ಲಿ ಇದ್ದು ಅದರ ಫಲ ಉಣ್ಣಬಹುದು. ಇದನ್ನು ಭೂ ಕಚೇರಿಯಲ್ಲಿ ನೋಂದಾಯಿಸಿದರೆ ಹಕ್ಕುಪತ್ರದ ಹಿಂಬದಿಯಲ್ಲಿ ಬರೆಯುತ್ತಾರೆ. ಆಮೇಲೆ ಜಮೀನು ಯಾರಿಗೆ ಮಾರಿದರೂ ನಿಮ್ಮ ಹಕ್ಕು ಅದರ ಜೊತೆಗೇ ಹೋಗುತ್ತದೆ. ಕ್ರಮದ ಮಾತು ಹೇಳಿದೆವಲ್ಲ, ಅದರ ತೂಕ ಇಲ್ಲಿ ತಿಳಿಯುತ್ತದೆ. ಥಾಯ್ ಸಿವಿಲ್ ಸಂಹಿತೆಯ 1469ನೇ ಕಲಮಿನ ಪ್ರಕಾರ ಗಂಡಹೆಂಡಿರ ನಡುವೆ ಮದುವೆಯ ಅವಧಿಯಲ್ಲಿ ಆದ ಒಪ್ಪಂದವನ್ನು ಇಬ್ಬರಲ್ಲಿ ಯಾರು ಬೇಕಾದರೂ, ಮದುವೆ ಇರುವಾಗ ಅಥವಾ ಅದು ಮುರಿದ ಒಂದು ವರ್ಷದೊಳಗೆ, ರದ್ದು ಮಾಡಬಹುದು. ಅಂದರೆ ನೋಂದಣಿ ಮದುವೆಯಾದ ಮೇಲೆ ಹೆಂಡತಿಯಿಂದ ಪಡೆದ ಅನುಭೋಗದ ಹಕ್ಕು ಬೇಕಾದಾಗ ಕೈಬಿಟ್ಟುಹೋಗುವಂಥದ್ದು. ಮದುವೆಯ ನೋಂದಣಿಗೆ ಮುಂಚೆ ಮಾಡಿಸಿದರೆ ಈ ಕಲಂ ತಟ್ಟುವುದಿಲ್ಲ. ಜಮೀನು ಅತ್ತೆಯ ಹೆಸರಿನಲ್ಲಿದ್ದು ಅವರೇ ಹಕ್ಕು ಬರೆದುಕೊಟ್ಟರೂ ಅಷ್ಟೆ, ಅದು ದಂಪತಿಯ ನಡುವಿನ ಒಪ್ಪಂದ ಅಲ್ಲ. ಕೆಲವು ಭೂ ಕಚೇರಿಗಳು ಗಂಡಹೆಂಡಿರ ನಡುವಿನ ಇಂಥ ಹಕ್ಕನ್ನು ನೋಂದಾಯಿಸಲು ಒಪ್ಪುವುದೇ ಇಲ್ಲ. ಮೊದಲೇ ಹೋಗಿ ವಿಚಾರಿಸಿ.

ಕಾಗದದ ಜಾತಿಯನ್ನೂ ನೋಡಬೇಕು. ಚನೋತ್ ಅಂದರೆ ಪೂರ್ತಿ ಅಳತೆಯಾದ, ಕಲ್ಲು ನೆಟ್ಟ, ಮಾರಲು ಅಡ್ಡಿಯಿಲ್ಲದ ಹಕ್ಕುಪತ್ರ. ನೋ ಸೋ 3 ಕೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸೋ ಪೋ ಕೋ 4-01 ಅನ್ನುವುದು 1975ರ ಭೂಸುಧಾರಣೆ ಕಾಯ್ದೆಯಡಿ ಬಡ ರೈತರಿಗೆ ಸರ್ಕಾರ ಕೊಟ್ಟದ್ದು, ಮಾರುವಂತಿಲ್ಲ. ನಮ್ಮಲ್ಲಿ ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಪಿಟಿಸಿಎಲ್ ಜಮೀನಿನ ವ್ಯಾಜ್ಯಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಇಸಾನಿನಲ್ಲಿ ಇಂಥ ಜಮೀನು ಬೇಕಾದಷ್ಟಿದೆ, ಕೈಬರಹದ ಕರಾರಿನ ಮೇಲೆ ಮಾರಾಟವೂ ಆಗುತ್ತದೆ, ಆ ಕರಾರಿಗೆ ಬೆಲೆ ಇಲ್ಲ. ಅಳತೆಯ ಲೆಕ್ಕ: ಒಂದು ರಾಯ್ 1,600 ಚದರ ಮೀಟರ್, ನಮ್ಮ ಎಕರೆಗೆ ಎರಡೂವರೆ ರಾಯ್.

ಚನೋತ್ ಇದ್ದರೂ ಅದರ ಬೆನ್ನು ತಿರುಗಿಸಿ ಓದಿ. ಅಡಮಾನ, ಅನುಭೋಗ, ಹಿಂದಿನ ವರ್ಗಾವಣೆ ಎಲ್ಲ ಅಲ್ಲಿ ನಮೂದಾಗಿರುತ್ತದೆ. ಹಳ್ಳಿಯ ಎಷ್ಟೋ ಗದ್ದೆಗಳು ಕೃಷಿ ಬ್ಯಾಂಕಿನಲ್ಲಿ ಅಡವಿರುತ್ತವೆ. ಮನೆಯಲ್ಲಿ ಜೆರಾಕ್ಸ್ ಪ್ರತಿ ಮಾತ್ರ ಇದ್ದು ಅಸಲು ಪತ್ರ ಕಾಣದಿದ್ದರೆ, ಅಸಲು ಬ್ಯಾಂಕಿನಲ್ಲಿದೆ ಅಂತಲೇ ತಿಳಿಯಿರಿ. ಸಂಬಂಧ ಕೆಡುತ್ತದೆ ಅಂತ ಸಂಕೋಚ ಬೇಡ. ಭೂ ಕಚೇರಿಯ ಪ್ರತಿಯನ್ನು ಇಬ್ಬರೂ ಕೂಡಿ ಹೋಗಿ ನೋಡಿ ಬನ್ನಿ.

ತೆರದ, ಅಂದರೆ ಕನ್ಯಾಶುಲ್ಕದ, ವಿಚಾರ ಎತ್ತದಿದ್ದರೆ ಮಾತು ಅರ್ಧವಾಗುತ್ತದೆ. ಗಂಡಿನ ಕಡೆಯವರು ಹೆಣ್ಣಿನ ತಂದೆತಾಯಿಗೆ ಕೊಡುವ ಹಣಕ್ಕೆ ಅಲ್ಲಿ ಸಿನ್ ಸೋತ್ ಅನ್ನುತ್ತಾರೆ. ವರದಕ್ಷಿಣೆ ಕಂಡು ಬೇಸತ್ತ ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ, ಉತ್ತರ ಕರ್ನಾಟಕದ ಹಿರಿಯರಿಗೆ ಅಷ್ಟೇನೂ ಹೊಸದಲ್ಲ. ನೋಟು ಮತ್ತು ಚಿನ್ನವನ್ನು ತಟ್ಟೆಯಲ್ಲಿಟ್ಟು ಎಲ್ಲರ ಮುಂದೆ ಎಣಿಸುತ್ತಾರೆ. ಎಷ್ಟು ತೋರಿಸುವುದು, ಅದರಲ್ಲಿ ಎಷ್ಟು ದಂಪತಿಗೆ ವಾಪಸು ಬರುವುದು, ಈ ಎರಡನ್ನೂ ಸಮಾರಂಭಕ್ಕೆ ಮುಂಚೆಯೇ ಹಿರಿಯರೊಬ್ಬರನ್ನು ನಡುವೆ ಇಟ್ಟು ತೀರ್ಮಾನ ಮಾಡಿಕೊಳ್ಳಬೇಕು; ಅವತ್ತು ಚೌಕಾಶಿ ಮಾಡಿದರೆ ಮುಖ ಹೋಗುತ್ತದೆ. ಚಿನ್ನದ ತೂಕವನ್ನೂ ಬಾತ್ ಅಂತಲೇ ಅನ್ನುತ್ತಾರೆ. ಒಂದು ಬಾತ್ ಒಡವೆ ಚಿನ್ನ 15.16 ಗ್ರಾಂ, ಶುದ್ಧತೆ 96.5%. ನಮ್ಮ 916ಕ್ಕಿಂತ ಮೇಲು, ಅದಕ್ಕೇ ಬಣ್ಣ ಗಾಢ, ಸರಕು ಮೆತ್ತಗೆ.

ಮತ್ತೊಂದು ಲೆಕ್ಕ ಇದೆ, ಯಾರೂ ಬಾಯಿಬಿಟ್ಟು ಹೇಳದ್ದು. ಇಸಾನಿನಲ್ಲಿ ರೂಢಿಯಿಂದ ಗಂಡನೇ ಹೆಂಡತಿಯ ಊರಿಗೆ ಹೋಗುವುದು, ಮನೆ ಅಳಿಯನಾಗಿ. ಕಿರಿಯ ಮಗಳು ತಂದೆತಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುತ್ತಾಳೆ, ಮನೆ ಅವಳಿಗೆ ಬರುತ್ತದೆ. ನಿಮ್ಮ ಸಂಗಾತಿ ಕಿರಿಯ ಮಗಳಾದರೆ ಅತ್ತೆ ಮಾವನ ಆಸ್ಪತ್ರೆ ಖರ್ಚು, ಅಕ್ಕನೋ ಅಣ್ಣನೋ ಬಿಟ್ಟುಹೋದ ಮಗುವಿನ ಶಾಲೆ, ಎಲ್ಲದರ ಭಾರವೂ ಜೊತೆಗೆ ಬರುತ್ತದೆ. ಇದಕ್ಕೆ ನಮ್ಮ ಸಲಹೆ ಬಹಳ ಒಣದು: ಪ್ರತಿ ತಿಂಗಳು ಇಂತಿಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿ ಹೆಂಡತಿಯ ಕೈಗೆ ಕೊಡಿ, ಹಂಚುವುದು ಅವಳ ಕೆಲಸ. ಅಡಮಾನ ಬಿಡಿಸಲು, ಟ್ರ್ಯಾಕ್ಟರ್ ಕೊಳ್ಳಲು ಸಾಲ ಕೇಳಿದವರಿಗೆ ಹೌದು, ಇಲ್ಲ ಎರಡನ್ನೂ ನೀವು ನೇರವಾಗಿ ಹೇಳಬೇಡಿ, ಅವಳ ಬಾಯಿಂದ ಹೋಗಲಿ.

ಗದ್ದೆಯಿಂದ ಸಂಸಾರ ಸಾಗುತ್ತದೆ ಅನ್ನುವ ಲೆಕ್ಕ ಬೇಡ. ಅಲ್ಲಿನ ಹೆಸರಾಂತ ಮಲ್ಲಿಗೆ ಅಕ್ಕಿ, ಖಾವ್ ದೋಕ್ ಮಲಿ 105, ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ತಳಿ. ಜೂನಿನಲ್ಲಿ ಬಿತ್ತಿದರೂ ಜುಲೈ ಕೊನೆಗೆ ಬಿತ್ತಿದರೂ ತೆನೆ ಬರುವುದು ಅಕ್ಟೋಬರ್ ಕೊನೆಯ ಹೊತ್ತಿಗೆ, ಕೊಯ್ಲು ನವೆಂಬರಿನಲ್ಲಿ. ವರ್ಷಕ್ಕೆ ಒಂದೇ ಬೆಳೆ, ಮಳೆ ನಂಬಿ. ರಾಯ್‌ಗೆ 350 ಕಿಲೋ ಆಸುಪಾಸು ಭತ್ತ ಬಂದರೆ ಸಾಧಾರಣ ಫಸಲು. ಕೆಲಸದ ಪರವಾನಗಿ ಇಲ್ಲದೆ ಹೆಂಡತಿಯ ಅಂಗಡಿಯ ಗಲ್ಲಾದಲ್ಲಿ ಕೂರುವುದೂ ಕಾನೂನಿಗೆ ಕೆಲಸವೇ. ದಂಡ 5,000ದಿಂದ 50,000 ಬಾತ್.

ಈಗ ಕಟ್ಟುವ ಮಾತಿಗೆ ಬರೋಣ. ಒಂದು ವರ್ಷ ಏಕೆ ಕಾಯಬೇಕು? ಏಪ್ರಿಲಿನ ಬಿಸಿಲಲ್ಲಿ ಪಶ್ಚಿಮದ ಗೋಡೆ ಹೇಗೆ ಕಾಯುತ್ತದೆ, ಸೆಪ್ಟೆಂಬರಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ, ಫೆಬ್ರವರಿಯಲ್ಲಿ ಕೂಳೆ, ಕಬ್ಬಿನ ತರಗು ಸುಟ್ಟ ಹೊಗೆ ಯಾವ ದಿಕ್ಕಿನಿಂದ ಬರುತ್ತದೆ, ಇದನ್ನೆಲ್ಲ ಕಣ್ಣಾರೆ ಕಾಣದೆ ಜಾಗ ಆರಿಸಬಾರದು ಅಂತ. ಅಷ್ಟೇ ಮುಖ್ಯವಾದ ಕಾರಣ ಮಣ್ಣು. ಗದ್ದೆಯಂಚಿನ ಜಾಗ ತಗ್ಗು, ಹತ್ತಾರು ಲಾರಿ ಮಣ್ಣು ಹೊಡೆಸಿ ರಸ್ತೆಗಿಂತ ಮೇಲಕ್ಕೆ ಎತ್ತರಿಸಬೇಕು. ಆ ಮಣ್ಣು ಕೂರಲು ಕನಿಷ್ಠ ಒಂದು ಮಳೆಗಾಲ ಬಿಡಲೇಬೇಕು. ಬಿಡದಿದ್ದರೆ ಆಗುವುದೇ ಬೇರೆ: ಪಿಲ್ಲರುಗಳ ಪಾಯ ಕೆಳಗಿನ ಗಟ್ಟಿ ನೆಲ ಮುಟ್ಟಿದ್ದರೆ ಮನೆಯೇನೋ ನಿಲ್ಲುತ್ತದೆ, ಆದರೆ ಮಣ್ಣಿನ ಮೇಲೆ ನೇರವಾಗಿ ಸುರಿದ ಕಾಂಕ್ರೀಟು, ಅಂದರೆ ಜಗಲಿ, ಕಾರು ನಿಲ್ಲಿಸುವ ಜಾಗ, ಹಿತ್ತಲ ಅಡುಗೆಮನೆ, ಕುಸಿದು ಮನೆಯಿಂದ ಬೇರೆಯಾಗುತ್ತದೆ. ಮನೆ ಕೂರುವುದಿಲ್ಲ, ಅದರ ಸುತ್ತಲಿನದು ಕೂರುತ್ತದೆ, ನಡುವೆ ಸಿಕ್ಕಿದ ಚರಂಡಿ ಪೈಪು ಮುರಿಯುತ್ತದೆ. ಎರಡನೇ ಮಳೆಗಾಲಕ್ಕೆ ಹೊಸ ಮನೆಯ ಸುತ್ತ ಬೆರಳು ತೂರುವ ಬಿರುಕು ಇದ್ದರೆ ಕಾರಣ ಇದೇ.

ಪರವಾನಗಿ ಕೊಡುವುದು ಓ ಬೋ ತೋ ಅನ್ನುವ ಸ್ಥಳೀಯ ಆಡಳಿತ. ಕಟ್ಟಡದ ಪರವಾನಗಿಯನ್ನು ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಿ. ಜಮೀನು ನಿಮ್ಮದಾಗದಿದ್ದರೂ ಕಟ್ಟಡ ನಿಮ್ಮದಾಗಬಹುದು. ಪರವಾನಗಿ, ಗುತ್ತಿಗೆ ಪತ್ರ, ಸಾಮಗ್ರಿಯ ರಸೀದಿಗಳು, ಇವೇ ಅದಕ್ಕೆ ಆಧಾರ. ನೀಲಿ ಮನೆಪುಸ್ತಕ ಮಾಲೀಕತ್ವದ ಪತ್ರ ಅಲ್ಲ, ಅದು ಯಾರು ಅಲ್ಲಿ ವಾಸವಿದ್ದಾರೆ ಅನ್ನುವ ದಾಖಲೆ. ವಿದೇಶಿಯರಿಗೆ ಹಳದಿ ಪುಸ್ತಕ, ಥೋ ರೋ 13, ಸಿಗುತ್ತದೆ. ಅದರ ಮೇಲೆ ಗುಲಾಬಿ ಗುರುತಿನ ಚೀಟಿ. ಹಳ್ಳಿಯ ಮುಖ್ಯಸ್ಥ, ಅಂದರೆ ಫು ಯಾಯ್ ಬಾನ್, ಮತ್ತೆ ಸಾಕ್ಷಿಗಳು ಅಂಫೋಗೆ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಇದು ಕೈಗೆ ಬಂದರೆ ಡ್ರೈವಿಂಗ್ ಲೈಸೆನ್ಸು, ಬೈಕು ಕೊಳ್ಳುವುದು ಎಲ್ಲದಕ್ಕೂ ಪ್ರತಿ ಸಲ ಇಮಿಗ್ರೇಷನ್ ಕಚೇರಿಯ ವಾಸದ ಪತ್ರಕ್ಕಾಗಿ ಅಲೆಯುವುದು ತಪ್ಪುತ್ತದೆ.

ಮೇಸ್ತ್ರಿಗಳ ವಿಚಾರ. ಊರಿನ ತಂಡಕ್ಕೆ ಕೂಲಿ ಗುತ್ತಿಗೆ ಮಾತ್ರ ಕೊಟ್ಟು ಸಾಮಗ್ರಿ ನೀವೇ ತರಿಸಿ. ಹಣವನ್ನು ಪಾಯ, ಪಿಲ್ಲರ್ ಮತ್ತು ತೊಲೆ, ಚಾವಣಿ, ಗೋಡೆ ಮತ್ತು ಗಾರೆ, ಕೊನೆಯ ಕೆಲಸ ಅಂತ ಹಂತಗಳಿಗೆ ಕಟ್ಟಿಹಾಕಿ. ನಾಟಿಯ ಕಾಲದಲ್ಲಿ, ನವೆಂಬರಿನ ಕೊಯ್ಲಿನಲ್ಲಿ, ಏಪ್ರಿಲ್ 13ರಿಂದ 15ರ ಸೊಂಕ್ರಾನ್ ಹಬ್ಬದ ಆಚೀಚೆ ಒಬ್ಬನೂ ಕೆಲಸಕ್ಕೆ ಬರುವುದಿಲ್ಲ. ಅದು ಮೋಸ ಅಲ್ಲ, ಅವರ ಗದ್ದೆ ಅವರನ್ನು ಕರೆದಿದೆ. ಡಿಸೆಂಬರಿನಲ್ಲಿ ಶುರು ಮಾಡಿದರೆ ಮಳೆಗೆ ಮುಂಚೆ ಚಾವಣಿ ಬೀಳುತ್ತದೆ. ಕಾಂಕ್ರೀಟು ನೆಲ ಸುರಿಯುವ ಮುಂಚೆ ಗೆದ್ದಲು ಔಷಧಿಯ ಪೈಪುಗಳನ್ನು ಅಡಿಯಲ್ಲಿ ಹಾಸಿ ಬಾಯಿಯನ್ನು ಹೊರಗೋಡೆಗೆ ತನ್ನಿ, ಆಮೇಲೆ ಹಾಕಲು ದಾರಿಯಿಲ್ಲ.

ಕರೆಂಟು ಹೆಚ್ಚುಕಡಿಮೆ ನಮ್ಮ ಹಾಗೆಯೇ, 50 ಹರ್ಟ್ಸ್, ವೋಲ್ಟೇಜ್ 220. ಎರಡು ಎಸಿ, ನೀರು ಕಾಯಿಸುವ ಯಂತ್ರ, ಪಂಪು ಇರುವ ಮನೆಗೆ 15(45) ಆಂಪ್ಸ್ ಮೀಟರ್ ಬೇಕು. ಹಳೇ ಮನೆಗಳಲ್ಲಿ 5(15) ಇರುತ್ತದೆ, ಎಲ್ಲ ಒಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತದೆ. ಹಳ್ಳಿಯ ಎಲೆಕ್ಟ್ರಿಷಿಯನ್ ಅರ್ತಿಂಗ್ ಬಿಟ್ಟುಬಿಡುವುದು ಮಾಮೂಲು. 16 ಮಿ.ಮೀ. ದಪ್ಪ, 2.4 ಮೀಟರ್ ಉದ್ದದ ತಾಮ್ರಲೇಪಿತ ಸರಳನ್ನು ನಿಮ್ಮ ಕಣ್ಣೆದುರಿಗೇ ನೆಲಕ್ಕೆ ಪೂರ್ತಿ ಹೊಡೆಸಿ, ಉದ್ದ ಕತ್ತರಿಸಿ ಮೋಸ ಮಾಡುವುದುಂಟು. ಬಚ್ಚಲಿನ ಹೀಟರಿಗೆ 30 ಮಿಲಿಆಂಪ್ಸಿಗೆ ಕಡಿಯುವ ಬ್ರೇಕರ್ ಹಾಕಿಸಿ.

ನೀರಿನಲ್ಲಿ ಇಸಾನಿಗೆ ತನ್ನದೇ ಒಂದು ಶಾಪ ಇದೆ. ಇಸಾನ್ ಕೂತಿರುವ ಖೊರಾತ್ ಪ್ರಸ್ಥಭೂಮಿಯ ಅಡಿಯಲ್ಲಿ ಕಲ್ಲುಪ್ಪಿನ ದಪ್ಪ ಪದರಗಳಿವೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಅನ್ನುವುದು ಕೋಲಾರದ ಲೆಕ್ಕ. ಅಲ್ಲಿ ಆಳಕ್ಕೆ ಹೋದರೆ ಉಪ್ಪುನೀರು ಬರಬಹುದು. ಉಪ್ಪು ಒಮ್ಮೆ ಬಂತೆಂದರೆ ಆ ಬಾವಿ ಗಿಡಕ್ಕೂ ಆಗುವುದಿಲ್ಲ. ಕೊರೆಸುವ ಮುಂಚೆ ಅಕ್ಕಪಕ್ಕದ ಮನೆಗಳ ಬಾವಿಯ ಆಳ ಕೇಳಿ, ನೀರು ರುಚಿ ನೋಡಿ. 15 ಮೀಟರ್‌ಗಿಂತ ಆಳಕ್ಕೆ ಅನುಮತಿ ಬೇಕು. ಕುಡಿಯಲು ಮಳೆನೀರು. ಮನೆಮನೆಯ ಮುಂದೆ ಆಳೆತ್ತರದ ಸಿಮೆಂಟಿನ ಹಂಡೆಗಳನ್ನು ಇಟ್ಟಿರುತ್ತಾರಲ್ಲ, ಅವು ಅಲಂಕಾರಕ್ಕಲ್ಲ. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು ಚಾವಣಿ ತೊಳೆಯಲು ಬಿಡಿ, ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆಯ ನರ್ಸರಿ ನಿಮ್ಮ ಮನೆಯಲ್ಲೇ.

ಆರೋಗ್ಯದ ಬಗ್ಗೆ ಎರಡು ವಿಷಯ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಬಹಳ.

ಮೊದಲನೆಯದು ಮೆಲಿಯಾಯ್ಡೋಸಿಸ್. ಅದರ ಬ್ಯಾಕ್ಟೀರಿಯಾ ಗದ್ದೆಯ ಕೆಸರಿನಲ್ಲೇ ಇರುತ್ತದೆ. ಕಾಲಿನ ಗಾಯದಿಂದ, ಕೆಲವೊಮ್ಮೆ ಉಸಿರಿನಿಂದ, ಕಾಯಿಸದ ನೀರಿನಿಂದ ಒಳಗೆ ಹೋಗುತ್ತದೆ. ಇಸಾನ್ ಈ ರೋಗದ ತವರುಗಳಲ್ಲಿ ಒಂದು. ನಮ್ಮ ಉಡುಪಿ, ಮಣಿಪಾಲದ ವೈದ್ಯರಿಗೂ ಇದರ ಪರಿಚಯ ಇದೆ. ಮಧುಮೇಹಿಗಳಿಗೆ ಅಪಾಯ ಹಲವು ಪಟ್ಟು. ಜ್ವರ, ನ್ಯುಮೋನಿಯಾ, ಎಲ್ಲಿಯೋ ಕೀವುಗಂತಿ, ಹೀಗೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಾಮೂಲಿ ಆ್ಯಂಟಿಬಯಾಟಿಕ್‌ಗಳು, ಪೆನಿಸಿಲಿನ್, ಜೆಂಟಾಮೈಸಿನ್, ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ. ಗದ್ದೆಗೆ ಇಳಿಯುವಾಗ ರಬ್ಬರ್ ಬೂಟು ಹಾಕಿ, ಸುತ್ತ ಎಲ್ಲರೂ ಬರಿಗಾಲಲ್ಲಿದ್ದರೂ ಸರಿ. ಮಳೆಗಾಲದಲ್ಲಿ ಎರಡು ದಿನಕ್ಕೆ ಇಳಿಯದ ಜ್ವರ ಬಂದರೆ ಊರಿನ ಕ್ಲಿನಿಕ್ಕಿನ ಇಂಜೆಕ್ಷನ್ನಿಗೆ ಸಮಾಧಾನ ಪಡದೆ ಪ್ರಾಂತದ ದೊಡ್ಡಾಸ್ಪತ್ರೆಗೆ ಹೋಗಿ, ಶುಗರ್ ಇದೆ, ಗದ್ದೆಗೆ ಇಳಿದಿದ್ದೆ ಅಂತ ಎರಡನ್ನೂ ಹೇಳಿ. ಇಲಿಜ್ವರಕ್ಕೂ ಇದೇ ಬೂಟು, ಇದೇ ಮಾತು.

ಎರಡನೆಯದು ಹಸಿ ಮೀನು. ಕೆರೆಯ ಸಣ್ಣ ಮೀನನ್ನು ಕೊಚ್ಚಿ, ನಿಂಬೆಹುಳಿ, ಖಾರ ಹಾಕಿ ಹಸಿಯಾಗಿಯೇ ತಿನ್ನುವ ಕೋಯ್ ಪ್ಲಾ ಅಲ್ಲಿನ ಅಚ್ಚುಮೆಚ್ಚು. ಅದರಲ್ಲಿರುವ ಯಕೃತ್ತಿನ ಹುಳು ಪಿತ್ತನಾಳ ಸೇರಿ ವರ್ಷಗಟ್ಟಲೆ ಇರುತ್ತದೆ, ಕೊನೆಗೆ ಪಿತ್ತನಾಳದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಈ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಜಾಗಗಳಲ್ಲಿ ಇಸಾನ್ ಒಂದು. ನಿಂಬೆಹುಳಿಗೂ ಸಾರಾಯಿಗೂ ಹುಳು ಸಾಯುವುದಿಲ್ಲ, ಬೆಂಕಿಗೆ ಸಾಯುತ್ತದೆ. ಪ್ರಾಜಿಕ್ವಾಂಟೆಲ್ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮತ್ತೆ ತಿಂದರೆ ಮತ್ತೆ ಬರುತ್ತದೆ. ಮಾವ ಕೈಯಾರೆ ಕಲಸಿ ಕೊಟ್ಟಾಗ ಬೇಡ ಅನ್ನುವುದು ಕಷ್ಟ. "ಸುಕ್" ಅನ್ನಿ, ಅಂದರೆ ಬೇಯಿಸಿದ್ದು ಕೊಡಿ ಅಂತ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಥಾಯ್ ಪ್ರಜೆಗಳಿಗಿರುವ 30 ಬಾತ್ ಆರೋಗ್ಯ ಯೋಜನೆ ನಿಮಗೆ ಅನ್ವಯಿಸುವುದಿಲ್ಲ, ವಿಮೆ ಬೇಕೇ ಬೇಕು. ತುರ್ತು ಆಂಬ್ಯುಲೆನ್ಸ್ 1669. ಬೈಕಿನಲ್ಲಿ ಹೆಲ್ಮೆಟ್ಟು ಹಾಕಿ. ನವೆಂಬರಿನಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ, ಕತ್ತಲಲ್ಲಿ ಅದರ ಮೇಲೆ ಚಕ್ರ ಜಾರುತ್ತದೆ.

ಊಟದಲ್ಲಿ ಸಸ್ಯಾಹಾರಿಗಳಿಗೆ ಪಾಡು ಇದ್ದೇ ಇದೆ. ಹುದುಗಿಸಿದ ಮೀನಿನ ಪ್ಲಾ ರಾ ಪ್ರತಿಯೊಂದಕ್ಕೂ ಬೀಳುತ್ತದೆ, ಬರೀ ಸೊಪ್ಪಿನ ಸಾರಿಗೂ. ಜೇ ಅಂತ ಕೇಳಿದರೆ ಮೀನು ಮಾಂಸದ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ, ನಮ್ಮ ಮಡಿ ಅಡುಗೆಯವರಿಗೆ ಅದೇ ಸಲೀಸು. ಬೇಳೆ, ಇಂಗು, ಸಾಸಿವೆ ಬ್ಯಾಂಕಾಕಿನ ಫಾಹುರತ್ ಪೇಟೆಯಿಂದ ಒಟ್ಟಿಗೆ ತರಿಸಿಡಿ. ನುಗ್ಗೆ, ಹುಣಸೆ, ತೆಂಗು, ಬಾಳೆಹೂ ಹಿತ್ತಲಲ್ಲೇ ಸಿಗುತ್ತವೆ. ಅಲ್ಲಿನ ಊಟದ ಅಂಟಕ್ಕಿಯನ್ನು ನಮ್ಮ ಅನ್ನದ ಹಾಗೆ ನೀರು ಹಾಕಿ ಬೇಯಿಸಿದರೆ ಗೋಂದಾಗುತ್ತದೆ. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಬಿದಿರಿನ ಶಂಕುಬುಟ್ಟಿಯಲ್ಲಿ ಹಾಕಿ ಕುದಿವ ನೀರಿನ ಪಾತ್ರೆಯ ಮೇಲೆ ಆವಿಯಲ್ಲಿ 20-25 ನಿಮಿಷ. ನಡುವೆ ಒಮ್ಮೆ ಬುಟ್ಟಿ ಕುಲುಕಿ ಮುದ್ದೆಯನ್ನು ಮಗುಚಬೇಕು. ನೀರು ಅಕ್ಕಿಗೆ ತಾಗಬಾರದು. ಬೆಂದ ಮೇಲೆ ಮರದ ತಟ್ಟೆಗೆ ಸುರಿದು ಹರಡಿ ಆವಿ ಬಿಡಿಸಿ, ಆಮೇಲೆ ಮುಚ್ಚಳದ ಬುಟ್ಟಿಗೆ. ರಾಗಿಮುದ್ದೆ ನುಂಗಿದವರಿಗೆ ಇದನ್ನು ಅಗಿದು ತಿನ್ನುವುದೇ ಒಂದು ಅಭ್ಯಾಸ. ಶುಗರ್ ಇರುವವರು ಒಂದು ಹಿಡಿಗೆ ನಿಲ್ಲಿಸಿ, ಅದು ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತದೆ.

ಭಾರತದ ಕಡೆಯ ಕಾಗದಗಳನ್ನೂ ಮರೆಯಬೇಡಿ. ನೆಲೆಸಲು ಹೋದ ಮೇಲೆ ಇಲ್ಲಿಯ ಉಳಿತಾಯ ಖಾತೆ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಆಗಬೇಕು. ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದರೆ, 2024ರ ಜನವರಿ 1ರ ನಂತರ ಗಳಿಸಿ ಅಲ್ಲಿಗೆ ತರಿಸಿಕೊಂಡ ಹಣ ಅಲ್ಲಿನ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಎರಡು ಕಡೆ ತೆರಿಗೆ ಬೀಳದಂತೆ ಭಾರತದ ಜೊತೆ ಒಪ್ಪಂದ ಇದೆ, ಇಲ್ಲಿ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಥಾಯ್ ಸಂಗಾತಿಗೆ ನೋಂದಣಿಯಾದ ಮದುವೆ ಎರಡು ವರ್ಷ ನಡೆದ ಮೇಲೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಕಾರ್ಡು, ಕೇಳಬಹುದು. ಮಗು ಹುಟ್ಟಿನಿಂದಲೇ ಥಾಯ್ ಪ್ರಜೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಮಗುವನ್ನು ಭಾರತೀಯ ಪ್ರಜೆ ಮಾಡಬೇಕಾದರೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅನ್ನುವ ಘೋಷಣೆಯೊಂದಿಗೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಹಳ್ಳಿಯಲ್ಲೇ ಬೆಳೆಯುವ ಮಗುವಿಗೆ ಥಾಯ್ ಪಾಸ್‌ಪೋರ್ಟ್, ಜೊತೆಗೆ ಒಸಿಐ ಮಾಡಿಸುವುದೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ.

ಕೊನೆಯದಾಗಿ ಯಾರೂ ಕೇಳಲು ಇಷ್ಟಪಡದ ವಿಷಯ. ವಿಚ್ಛೇದನವಾದರೆ ಅಥವಾ ಸಂಗಾತಿ ತೀರಿಕೊಂಡರೆ ಮದುವೆಯ ಆಧಾರದ ವಾಸ ಅಲ್ಲಿಗೆ ಮುಗಿಯುತ್ತದೆ. ಇಮಿಗ್ರೇಷನ್ ಕಚೇರಿಗೆ ಹೋಗಿ ಬೇರೆ ಆಧಾರಕ್ಕೆ ಬದಲಿಸಿಕೊಳ್ಳಬೇಕು: ಥಾಯ್ ಮಗು ಇದ್ದರೆ ಅದು, 50 ದಾಟಿದ್ದರೆ 8,00,000 ಬಾತ್ ಠೇವಣಿಯ ನಿವೃತ್ತಿ ವಾಸ. ಸಂಗಾತಿಯ ಜಮೀನು ವಾರಸಿನಿಂದ ನಿಮಗೆ ಬಂದರೂ ಇಟ್ಟುಕೊಳ್ಳುವಂತಿಲ್ಲ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಮಾರಬೇಕು. ಅನುಭೋಗದ ಹಕ್ಕು ನೋಂದಾಯಿಸಿದ್ದರೆ ಅದು ಮಾತ್ರ ಉಳಿಯುತ್ತದೆ. ಆದ್ದರಿಂದ ಇಬ್ಬರೂ ಥಾಯ್ ಭಾಷೆಯಲ್ಲಿ ಒಂದೊಂದು ಉಯಿಲು ಬರೆಸಿ, ಭಾರತದ ಆಸ್ತಿಗೆ ನೀವು ಇಲ್ಲಿಯದೇ ಬೇರೆ ಉಯಿಲು ಮಾಡಿಡಿ. ಥಾಯ್ ಉಯಿಲಿಗೆ ಇಬ್ಬರು ಸಾಕ್ಷಿಗಳು ಒಟ್ಟಿಗೆ ಎದುರಿಗಿದ್ದು ಸಹಿ ಹಾಕಬೇಕು. ಆ ಸಾಕ್ಷಿಗಳಾಗಲಿ, ಅವರ ಗಂಡ ಹೆಂಡಿರಾಗಲಿ ಉಯಿಲಿನಲ್ಲಿ ಪಾಲು ಪಡೆಯುವವರಾಗಿರಬಾರದು. ಹಾಗಾಗಿ ಅತ್ತೆಯನ್ನೋ ಭಾವಮೈದುನನನ್ನೋ ಕರೆಯುವ ಬದಲು ಪಕ್ಕದ ಮನೆಯವರನ್ನು ಕರೆಯಿರಿ.